ಡೇರೆಗಲ್ಲ, ದಾರಿಗೆ ಫಲಕ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಚರಿತ್ರೆಯ ಫಲಕಗಳಿಗೆ ಒಕ್ಕಣೆ ಬರೆದುಕೊಡುತ್ತ, ಜಾಗ ಗೊತ್ತು ಮಾಡುತ್ತ ತಿಳಿದುಕೊಂಡದ್ದು ಇಷ್ಟು. ಮುಂದೆ ಈ ಕೆಲಸಕ್ಕೆ ಇಳಿಯುವವರಿಗೆ ಬೇಕಾದೀತು.

1. ಸೇನಾಪತಿ ಮಲಗಿದ ಜಾಗ ಹುಡುಕಬೇಡಿ. ಯುದ್ಧದ ಫಲಕ ಎಂದ ಕೂಡಲೇ ಎಲ್ಲರೂ ಕೇಳುವುದು “ಅವ ಬೀಡು ಬಿಟ್ಟದ್ದು ಎಲ್ಲಿ?” ಎಂದೇ. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡ. ಮರುತಿಂಗಳೇ ಬೊಂಬಾಯಿಯ ಕಂಪನಿ ಸೈನ್ಯದ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದು, ಕುಂದಾಪುರಕ್ಕೆ ಬಂದು, ಹೊಸಂಗಡಿಯ ಘಾಟಿ ಹತ್ತಿ ಬಿದನೂರು ಸೇರಿದ. ಅಲ್ಲಿ ಹೈದರನ ಅಧಿಕಾರಿಯಾಗಿದ್ದ ಶೇಖ್ ಅಯಾಜ್ ಊರನ್ನು ಒಪ್ಪಿಸಿಬಿಟ್ಟ. ಮಳೆಗಾಲ ಹಿಡಿಯುವ ಮೊದಲೇ ಟಿಪ್ಪು ಅದನ್ನು ಮರಳಿ ಗೆದ್ದ. ಮ್ಯಾಥ್ಯೂಸ್ 1783ರಲ್ಲೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಹೀಗೆ ನಿಂತಲ್ಲಿ ನಿಲ್ಲದವನ ಡೇರೆಯ ಗೂಟ ಯಾವ ಗದ್ದೆಯಲ್ಲಿತ್ತು ಎಂದು ಹೇಳುವುದು? ಆದರೆ ಘಾಟಿ ಎಲ್ಲಿಗೂ ಹೋಗಿಲ್ಲ. ಹೊಸಂಗಡಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಫಿರಂಗಿ ಎಳೆದುಕೊಂಡು ಸಹ್ಯಾದ್ರಿ ಹತ್ತುವುದೆಂದರೆ ಏನೆಂದು ಯಾರೂ ವಿವರಿಸಬೇಕಿಲ್ಲ. ಫಲಕಕ್ಕೆ ಅದೇ ಜಾಗ.

ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ 1863ರ ಕಾಳಗದ ಸೇನಾಪತಿಗಳ ಠಾಣೆಗಳಿದ್ದಲ್ಲಿ ಫಿರಂಗಿಯ ನಳಿಗೆಗಳನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಅಲ್ಲಿ ಕಾದಾಡಿದವರು ಬದುಕಿರುವಾಗಲೇ ಅವರನ್ನು ಕೇಳಿ ಜಾಗ ಗುರುತಿಸುವ ಕೆಲಸ ಶುರುವಾಗಿತ್ತು. ನಮಗೆ ಆ ಸೌಕರ್ಯವಿಲ್ಲ. ಇದ್ದಂತೆ ನಟಿಸುವುದೂ ಬೇಡ.

2. ಆಗ ಆಳುತ್ತಿದ್ದವರು ಯಾರು ಎಂಬುದನ್ನು ಮೊದಲು ಬರೆಯಿರಿ. ಶಿವಾಜಿ 1665ರ ಫೆಬ್ರವರಿಯಲ್ಲಿ ಸಮುದ್ರದಿಂದ ಬಸ್ರೂರಿಗೆ ಬಂದ. ಮರಳುವಾಗ ಗೋಕರ್ಣಕ್ಕೆ ಹೋದ. ಪೋರ್ಚುಗೀಸರಿಂದ ಬಸ್ರೂರನ್ನು ಬಿಡಿಸಿದ ಎಂದು ಬರೆಯಿಸಲು ಒತ್ತಾಯ ಮಾಡುವವರು ಸಿಗುತ್ತಾರೆ. ಆದರೆ ಬಸ್ರೂರು, ಗಂಗೊಳ್ಳಿಯ ಪೋರ್ಚುಗೀಸ್ ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲೇ ಹಿಡಿದಾಗಿತ್ತು. ಶಿವಾಜಿ ಇಳಿದದ್ದು ಕೆಳದಿಯವರ ಸಿರಿವಂತ ರೇವಿನಲ್ಲಿ, ಪೇಟೆ ಸೂರೆಗೆ. ಈ ಒಂದು ಸಾಲು ಬರೆಯಲು ಧೈರ್ಯ ಬೇಕು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಫಲಕ ಬರೀ ಬ್ಯಾನರು.

3. ಕೇರಿಯ ಹೆಸರು ನಮಗಿಂತ ಮೊದಲು ನೆಟ್ಟ ಫಲಕ. ಬಸ್ರೂರಿನ ರಾವುತಕೇರಿ, ಬಾರ್ಕೂರಿನ ಕೋಟೆಕೇರಿ: ಕುದುರೆಯೂ ಕೋಟೆಯೂ ಅಲ್ಲೇ ಇವೆ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವನ್ನು ಆಳಲು ಬಂದ ಅಧಿಕಾರಿಗಳ ಊರು ಬಾರ್ಕೂರು. ಅಂಥ ಕಡೆ ಕೇರಿಯ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆಯಿಸಿ, ಉಳಿದದ್ದು ಕೆಳಗೆ.

4. ವೀರಗಲ್ಲನ್ನು ಎತ್ತಬೇಡಿ. ದೊರೆ, ದಳಪತಿಗಳ ಬಿಡಾರದ ಗುರುತು ಉಳಿಯದ ನಾಡಿನಲ್ಲಿ ಸತ್ತ ಆಳಿನ ಗುರುತು ಹಾಡಿಯ ಅಂಚಿನಲ್ಲಿ ನಿಂತಿದೆ, ಇದು ನನಗೆ ಬಹಳ ಇಷ್ಟ. “ಹ್ವಾಯ್, ಇಲ್ಲಿಂದ ತೆಗಿಬೇಡಿ, ದೀಪ ಇಡುಕಿತ್ತ್” ಎಂದು ಮನೆಯ ಅಮ್ಮ ಹೇಳಿದರೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ. 949ರ ತಕ್ಕೋಲಂ ಕಾಳಗದ ಸುದ್ದಿಯನ್ನೂ ಕಾಳಿ ಎಂಬ ನಾಯಿಯ ಶೌರ್ಯವನ್ನೂ ಹೇಳುವ ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಕ್ಷೇಮ, ಆತಕೂರಿಗೆ ಹೋದವರಿಗೆ ಮಾತ್ರ ಅದು ಸಿಗುವುದಿಲ್ಲ.

5. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕೆಂಪುಕಲ್ಲಿನಲ್ಲಿ ಅಕ್ಷರ ನಿಲ್ಲುವುದಿಲ್ಲ. ಕಾರ್ಕಳದ ಶಿಲೆಕಲ್ಲು, ಆಳವಾಗಿ ಕೊರೆದ ಅಕ್ಷರ, ಕನ್ನಡದಲ್ಲಿ ಆರು ಸಾಲು. ಅದಕ್ಕಿಂತ ಹೆಚ್ಚನ್ನು ನಿಂತು ಓದುವವರಿಲ್ಲ.

6. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ನೂರು ಮೀಟರ್ ಒಳಗೆ ಕಟ್ಟಡ ಕೆಲಸಕ್ಕೆ ನಿಷೇಧ, ಅದರಾಚೆಯ ಇನ್ನೂರಕ್ಕೆ ಅನುಮತಿ. ಪೀಠ ಕಟ್ಟುವ ಮೊದಲೇ ವಿಚಾರಿಸಿ. ಹೆದ್ದಾರಿಯ ಅಂಚು ಬೇಡ, ರಸ್ತೆ ಅಗಲವಾದಾಗ ಮೊದಲು ಏಳುವುದು ಫಲಕ.

7. ಎದುರಿಗೆ ಒಂದು ಗೂಡಂಗಡಿ ಇರಲಿ. ಅಂಗಡಿಯವರು ಬಂದವರಿಗೆ ಕತೆ ಹೇಳುತ್ತಾರೆ, ಯಕ್ಷಗಾನ, ಕಂಬಳದ ಪೋಸ್ಟರ್ ಅಂಟಿಸಲು ಬಂದವರನ್ನು ಗದರಿಸಿ ಓಡಿಸುತ್ತಾರೆ. ತಮ್ಮದೇ ಮೇಳದ ಆಟವಾದರೆ ಮಾತು ಬೇರೆ.