ದಯಾಮಯನ ಸೃಷ್ಟಿಯಲ್ಲಿ ದುಃಖವೇಕೆ?

ಭಗವಂತನು ಸರ್ವಶಕ್ತನೂ ದಯಾಳುವೂ ಆಗಿರುವಲ್ಲಿ ಹಸುಗೂಸೇಕೆ ನರಳಬೇಕು? ಪುತ್ರಶೋಕದಿಂದ ಬೆಂದ ತಾಯಿಯ ಈ ಪ್ರಶ್ನೆಯನ್ನು ನಾಸ್ತಿಕ್ಯವೆಂದು ತಳ್ಳಿಹಾಕಲಾಗದು. ಸೂತ್ರಕಾರರಾದ ಶ್ರೀ ವೇದವ್ಯಾಸದೇವರೇ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಆಕ್ಷೇಪವನ್ನು ಎತ್ತಿಕೊಂಡಿರುವರು. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ನೀಡುವವನಿಗೆ ವೈಷಮ್ಯ, ನೈರ್ಘೃಣ್ಯ, ಎಂದರೆ ಪಕ್ಷಪಾತ, ನಿರ್ದಯತೆ ಎಂಬ ದೋಷಗಳು ಬಾರವೇ?

ಬಾರವು. ಈಶ್ವರನು ಜೀವರ ಕರ್ಮವನ್ನು ಅನುಸರಿಸಿಯೇ ಫಲವನ್ನೀಯುವನು. ಮೊಟ್ಟಮೊದಲ ಕರ್ಮವನ್ನು ಮಾಡಿಸಿದವರಾರು ಎಂದರೆ, ಕರ್ಮಪ್ರವಾಹವು ಅನಾದಿಯಾದುದರಿಂದ ಮೊದಲನೆಯದೆಂಬುದೇ ಇಲ್ಲ. ಹಾಗಾದರೆ ಕರ್ಮವನ್ನು ಅಪೇಕ್ಷಿಸುವವನ ಸ್ವಾತಂತ್ರ್ಯಕ್ಕೆ ಕುಂದಲ್ಲವೇ? ಅಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಕರ್ಮದ ಇರವೂ ಶ್ರೀಹರಿಯ ಅಧೀನವೇ. ಜೀವರ ಅನಾದಿಯಾದ ಯೋಗ್ಯತೆಯನ್ನು ಮಾರ್ಪಡಿಸದೆ ನಡೆಸುವುದು ಅವನ ಇಚ್ಛೆಯೇ ಹೊರತು ಅಶಕ್ತಿಯಲ್ಲ.

ಆದರೆ ಈ ಸಿದ್ಧಾಂತವು ಅಳುವವರ ಮುಂದೆ ನಿಂತು "ನಿಮ್ಮ ಕರ್ಮ" ಎನ್ನಲು ಕೊಟ್ಟ ಆಯುಧವಲ್ಲ. ಯಾವ ದುಃಖ ಯಾವ ಕರ್ಮದ ಫಲವೆಂಬುದನ್ನು ಸರ್ವಜ್ಞನಾದ ಅವನೊಬ್ಬನೇ ಬಲ್ಲನು. ನಾವು ಬಲ್ಲೆವೆಂಬುದು ಅಹಂಕಾರ. ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ಕುಂತೀದೇವಿಯು ವಿಪತ್ತಿನಲ್ಲಿ ಕೃಷ್ಣದರ್ಶನವಾಗುವುದೆಂದು ವಿಪತ್ತನ್ನೇ ಬೇಡಿದಳು. ಆದರೆ ಬೇಡಿದ್ದು ತನಗೂ ತನ್ನವರಿಗೂ, ಅನ್ಯರಿಗಲ್ಲ. ಆದುದರಿಂದ ತನ್ನ ಕಷ್ಟ ಬಂದಾಗ ಕರ್ಮವನ್ನು ನೆನೆದು ಹರಿಯನ್ನು ಸ್ಮರಿಸಬೇಕು. ಪರರ ಕಷ್ಟ ಕಂಡಾಗ ಕರ್ಮವಿಚಾರವನ್ನು ಬದಿಗಿಟ್ಟು ನೆರವಾಗಬೇಕು. ಆ ತಾಯಿಯ ಬಳಿ ಮೌನವಾಗಿ ಕುಳಿತುಕೊಳ್ಳುವುದೂ ಭಗವತ್ಸೇವೆಯೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.