ಪರಿಮಳದ ಎಣ್ಣೆ: ಮೂಸಲಿಕ್ಕೆ ಸರಿ, ಕುಡಿಯಲಿಕ್ಕೆ ಅಲ್ಲ

ಮಕ್ಕಳೇ, ಒಂದು ಬಿಳಿ ಕಾಗದ ತಗೊಳ್ಳಿರಿ. ಅದರ ಒಂದು ತುದಿಗೆ ಶೇಂಗಾ ಎಣ್ಣೆ, ಇನ್ನೊಂದು ತುದಿಗೆ ನೀಲಗಿರಿ ಎಣ್ಣೆ, ಒಂದೊಂದೇ ಹನಿ, ಹಿರಿಯರಿಂದ ಹಾಕಿಸಿರಿ. ಮರುದಿನ ನೋಡಿದರೆ ಶೇಂಗಾ ಎಣ್ಣೆಯ ಕಲೆ ಹಾಗೇ ಇರುತ್ತದೆ. ನೀಲಗಿರಿ ಎಣ್ಣೆ ಬಹುಪಾಲು ಆವಿಯಾಗಿ ಹೋಗಿರುತ್ತದೆ. ಹೀಗೆ ಗಾಳಿಯಲ್ಲಿ ಸೇರಿ ವಾಸನೆ ಬೀರುವ ಸಸ್ಯದ ಎಣ್ಣೆಯೇ ಸುಗಂಧ ತೈಲ.

ಇದನ್ನು ತೆಗೆಯುವುದು ಹೇಗೆ? ಎಲೆ ಅಥವಾ ಕಟ್ಟಿಗೆಯ ಚೂರುಗಳ ಮೂಲಕ ನೀರಿನ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆಯೂ ಆವಿಯಾಗಿ ಬರುತ್ತದೆ. ತಣ್ಣಗಾದಾಗ ಎಣ್ಣೆ ನೀರಿನಿಂದ ಬೇರೆಯಾಗುತ್ತದೆ. ಇದೇ ಆಸವನ. ಹಿಂದೆ ಮೈಸೂರಿನ ಗಂಧದ ಕಟ್ಟಿಗೆ ಎಣ್ಣೆಗಾಗಿ ಜರ್ಮನಿಗೆ ಹೋಗುತ್ತಿತ್ತು. ಮೊದಲನೇ ಮಹಾಯುದ್ಧ ಬಂದು ಆ ದಾರಿ ಮುಚ್ಚಿತು. 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು.

ನೆಗಡಿಯಾದಾಗ ನೀಲಗಿರಿ ಎಣ್ಣೆಯನ್ನೋ ಪುದೀನ ಜಾತಿಯ ಗಿಡದಿಂದ ಬರುವ ಮೆಂಥಾಲನ್ನೋ ಮೂಸಿದರೆ ಮೂಗು ತೆರೆದಂತೆ ಅನಿಸುತ್ತದೆ, ಹೌದಲ್ಲ? ವಿಜ್ಞಾನಿಗಳು ಮೆಂಥಾಲ್ ಮೂಸಿದವರ ಉಸಿರನ್ನು ಅಳೆದು ನೋಡಿದರು. ಮೂಗಿನಲ್ಲಿ ಗಾಳಿಯ ಓಡಾಟ ಹೆಚ್ಚಾಗಿರಲಿಲ್ಲ! ಮೆಂಥಾಲ್ ಮೂಗಿನೊಳಗೆ ತಂಪನ್ನು ತಿಳಿಸುವ ನರಗಳನ್ನು ಕೆಣಕುತ್ತದೆ. ಅದರಿಂದ ಮಿದುಳಿಗೆ ‘ಗಾಳಿ ಚೆನ್ನಾಗಿ ಬರ್ತಾ ಇದೆ’ ಅನಿಸುತ್ತದೆ. ಹಾಯೆನಿಸುವುದು ನಿಜ, ಆದರೆ ರೋಗ ಹೋಗಿಲ್ಲ. ಜ್ವರ ಇಳಿಯದಿದ್ದರೆ, ಉಸಿರಾಡಲು ಕಷ್ಟವಾದರೆ ದವಾಖಾನೆಗೇ ಹೋಗಬೇಕು.

ಈಗ ಮುಖ್ಯ ಮಾತು. ರಾಶಿ ಎಲೆಯ ಸಾರ ಒಂದು ಸಣ್ಣ ಸೀಸೆಯಲ್ಲಿ ಇರುತ್ತದೆ. ಆದ್ದರಿಂದ ‘ಗಿಡದ್ದು ತಾನೆ, ಏನೂ ಆಗಲ್ಲ’ ಅನ್ನಬಾರದು. ಒಂದು ಚಮಚ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಚಿಕ್ಕ ಮಗು ಪ್ರಜ್ಞೆ ತಪ್ಪಬಹುದು. ಕರ್ಪೂರದ ಬಿಲ್ಲೆ ನೋಡಲು ಸಕ್ಕರೆ ಬಿಲ್ಲೆಯಂತೆ ಇರುತ್ತದೆ, ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು.

ನೆನಪಿಡಿರಿ:

1. ಸುಗಂಧ ತೈಲವನ್ನು ಕುಡಿಯಬಾರದು, ಕಣ್ಣಿಗೆ, ಮೂಗಿನೊಳಗೆ ಹಾಕಬಾರದು.
2. ಎರಡು ವರ್ಷದೊಳಗಿನ ಕೂಸಿಗೆ ಕರ್ಪೂರ ಬೆರೆತ ಮುಲಾಮು ಹಚ್ಚಬಾರದು.
3. ಕುದಿನೀರಿನ ಪಾತ್ರೆ ಮಗುಚಿ ಮೈ ಸುಟ್ಟೀತು. ಮಕ್ಕಳು ಒಬ್ಬರೇ ಹಬೆ ತಗೊಳ್ಳಬಾರದು.
4. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿಸಿ, ಸೀಸೆಯನ್ನೂ ದವಾಖಾನೆಗೆ ಒಯ್ಯಿರಿ.

ಮನೆಗೆಲಸ: ನಿಮ್ಮ ಮನೆಯಲ್ಲಿ ಕರ್ಪೂರ, ನೀಲಗಿರಿ ಎಣ್ಣೆ ಎಲ್ಲಿವೆ? ತಮ್ಮ ತಂಗಿಯರ ಕೈಗೆ ಸಿಗುವಂತಿದ್ದರೆ ಇವತ್ತೇ ಅವ್ವನಿಗೆ ಹೇಳಿ ಮೇಲೆ ಇಡಿಸಿರಿ.