ಅಜೋಲಾ, ಡಕ್‌ವೀಡ್ ಮತ್ತು ಜೀವಾಣು ಗೊಬ್ಬರ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ದೆಹಲಿಯ ಕರೋಲ್ ಬಾಗ್, ರಾಜಿಂದರ್ ನಗರಗಳ ಕೋಣೆಗಳಲ್ಲಿ ಕುಳಿತು ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವ ಕನ್ನಡದ ಮಕ್ಕಳಿಗೆ ಈ ಪಾಠದ ಮೂಲ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ನೀಲಿ-ಹಸಿರು ಪಾಚಿಯನ್ನು ಗೊಬ್ಬರವಾಗಿ ಗದ್ದೆಗೆ ತಂದ ಕೆಲಸದ ದೊಡ್ಡ ಪಾಲು ನಡೆದದ್ದು ಪಕ್ಕದ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ.

ಸಂಸ್ಥೆ: 1905ರಲ್ಲಿ ಬಿಹಾರದ ಪೂಸಾದಲ್ಲಿ ಆರಂಭ, ಅಮೆರಿಕದ ಹೆನ್ರಿ ಫಿಪ್ಸ್ ದೇಣಿಗೆ ಕೊಟ್ಟರು. 1934ರ ಭೂಕಂಪದಲ್ಲಿ ಕಟ್ಟಡ ಹಾಳಾಯಿತು. 1936ರಲ್ಲಿ ದೆಹಲಿಗೆ ಬಂತು, ಊರಿನ ಹೆಸರೂ ಜೊತೆಗೆ ಬಂತು.

ಮೂರು ಹೆಸರು: ಭತ್ತದ ಗದ್ದೆಯಲ್ಲಿ ಸಾರಜನಕ ಸ್ಥಿರೀಕರಿಸುವುದು ನೀಲಿ-ಹಸಿರು ಪಾಚಿ ಎಂದು 1939ರಲ್ಲಿ ತೋರಿಸಿದವರು ಪಿ.ಕೆ. ಡೇ. ಚೌಳು ನೆಲದ ಸುಧಾರಣೆಗೆ ಅದನ್ನು ಬಳಸಿದವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್. ಪೂಸಾದಲ್ಲಿ ಅದನ್ನು ರೈತರ ಗೊಬ್ಬರವಾಗಿಸಿದವರು ಜಿ.ಎಸ್. ವೆಂಕಟರಾಮನ್. ಈ ‘ಪಾಚಿ’ ನಿಜದಲ್ಲಿ ಸಯನೋಬ್ಯಾಕ್ಟೀರಿಯಾ.

ಪ್ರಿಲಿಮ್ಸ್‌ನಲ್ಲಿ ಎಡವುವ ಜಾಗ:
- ಅಜೋಲಾ ಜರೀಗಿಡ, ಹೂ ಬಿಡುವುದಿಲ್ಲ.
- ಡಕ್‌ವೀಡ್ ಹೂ ಬಿಡುವ ಸಸ್ಯ. ಅದರದೇ ಗುಂಪಿನ ವುಲ್ಫಿಯಾ ಜಗತ್ತಿನ ಅತಿ ಚಿಕ್ಕ ಹೂಗಿಡ. ಥಾಯ್ಲೆಂಡಿನಲ್ಲಿ ಜನ ಅದನ್ನು ಊಟಕ್ಕೆ ಬಳಸುತ್ತಾರೆ.
- ಒಣತೂಕದಲ್ಲಿ ಅಜೋಲಾದ ಪ್ರೋಟೀನು ಸುಮಾರು ಶೇ. 20–30. ಡಕ್‌ವೀಡ್‌ನಲ್ಲಿ ಒಳ್ಳೆಯ ಪೋಷಣೆ ಸಿಕ್ಕರೆ ಶೇ. 40 ದಾಟಬಹುದು.

ಸಾರಜನಕ: ಅಜೋಲಾದ ಎಲೆಯ ಮೇಲು ಪದರದ ಪೊಳ್ಳಿನಲ್ಲಿ ಅನಬೀನಾ ಅಜೋಲೆ ಎಂಬ ಸಯನೋಬ್ಯಾಕ್ಟೀರಿಯಾ ವಾಸಿಸುತ್ತದೆ. ಅದರ ಹೆಟೆರೋಸಿಸ್ಟ್ ಕೋಶಗಳಲ್ಲಿ ನೈಟ್ರೋಜಿನೇಸ್ ಕಿಣ್ವ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುತ್ತದೆ. ಈ ಕಿಣ್ವಕ್ಕೆ ಕಬ್ಬಿಣ, ಮಾಲಿಬ್ಡಿನಂ ಬೇಕು. ಆಮ್ಲಜನಕ ತಗುಲಿದರೆ ಅದು ಕೆಡುತ್ತದೆ. ಹೆಟೆರೋಸಿಸ್ಟ್‌ನ ದಪ್ಪ ಗೋಡೆ ಇರುವುದೇ ಆ ಕಾವಲಿಗೆ. ಒಂದು ಅಣು ಸಾರಜನಕಕ್ಕೆ 16 ಎಟಿಪಿ ಖರ್ಚು. ಈ ಜೀವಿ ಬೀಜಾಣುವಿನ ಜೊತೆಗೇ ಮುಂದಿನ ಪೀಳಿಗೆಗೆ ದಾಟುವುದರಿಂದ ರೈತ ಅದನ್ನು ಬೇರೆಯಾಗಿ ಹಾಕಬೇಕಿಲ್ಲ.

ರಂಜಕ: ಇಲ್ಲೇ ಗಮನವಿಡಿ. ಸಾರಜನಕವನ್ನು ಮನೆಯಲ್ಲೇ ಮಾಡಿಕೊಳ್ಳುವ ಅಜೋಲಾ ಸೊರಗುವುದು ಸಾಮಾನ್ಯವಾಗಿ ರಂಜಕದ ಕೊರತೆಯಿಂದ. ಗಿಡ ಕೆಂಪಗಾಗುತ್ತದೆ, ಬೇರು ಉದ್ದವಾಗುತ್ತದೆ. ಮಣ್ಣಿನಲ್ಲಿ ರಂಜಕ ಇದ್ದರೂ ಕ್ಯಾಲ್ಸಿಯಂ, ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಕೈಗೆ ಸಿಗದಂತಿರುತ್ತದೆ. ಬ್ಯಾಸಿಲಸ್, ಸ್ಯೂಡೊಮೊನಾಸ್ ಮೊದಲಾದ ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು ಗ್ಲುಕಾನಿಕ್‌ನಂಥ ಆಮ್ಲಗಳನ್ನು ಸ್ರವಿಸಿ ಅದನ್ನು ಬಿಡಿಸುತ್ತವೆ. ಫಾಸ್ಫಟೇಸ್ ಕಿಣ್ವದಿಂದ ಸಾವಯವ ರಂಜಕವನ್ನೂ ಬಿಡಿಸುತ್ತವೆ. ಆದರೆ ಅವು ರಂಜಕವನ್ನು ಹುಟ್ಟಿಸಲಾರವು. ಅಜೋಲಾ ಬೆಳೆಸುವ ತೊಟ್ಟಿಯಲ್ಲಿ ಮಣ್ಣು, ಸಗಣಿ, ಶಿಲಾರಂಜಕ ಏನೂ ಇಲ್ಲದೆ ಬರೀ ಬ್ಯಾಕ್ಟೀರಿಯಾ ಸುರಿದರೆ ಫಲವಿಲ್ಲ. ಉತ್ತರಪತ್ರಿಕೆಗಳಲ್ಲಿ ಈ ಒಂದು ವಾಕ್ಯ ಬಿಟ್ಟುಹೋಗುವುದೇ ಹೆಚ್ಚು.

ಡಕ್‌ವೀಡ್: ಇದರೊಳಗೆ ಸಾರಜನಕ ಕೊಡುವ ಸಂಗಾತಿ ಇಲ್ಲ; ನೀರಿನ ಅಮೋನಿಯವನ್ನೇ ಮೊದಲು ಹೀರುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಡಕ್‌ವೀಡ್ ಬೇರಿನಿಂದ ಬೇರ್ಪಡಿಸಿದ ಅಸಿನೆಟೋಬ್ಯಾಕ್ಟರ್ ಪಿ23 ತಳಿ ಅದರ ಬೆಳವಣಿಗೆಯನ್ನು ಹೆಚ್ಚಿಸುತ್ತದೆ, ಫೀನಾಲನ್ನೂ ಒಡೆಯುತ್ತದೆ. 2010ರಲ್ಲಿ ಅದರ ವರದಿ ಬಂತು.

ತೊಟ್ಟಿಯ ಲೆಕ್ಕ: ನಮ್ಮ ಹಳ್ಳಿಗಳ ಹಟ್ಟಿಯ ಪಕ್ಕ ಕಾಣುವ ಪದ್ಧತಿ ಇದು. ಸುಮಾರು 2 ಮೀಟರ್ ಉದ್ದದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ 10–15 ಕೆ.ಜಿ. ಜರಡಿ ಹಿಡಿದ ಮಣ್ಣು ಹರಡಬೇಕು. 2 ಕೆ.ಜಿ. ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟನ್ನು ನೀರಿನಲ್ಲಿ ಕದಡಿ ಹೊಯ್ದು, ನೀರನ್ನು 10 ಸೆಂ.ಮೀ.ಗೆ ಏರಿಸಿ, ಅರ್ಧದಿಂದ ಒಂದು ಕೆ.ಜಿ. ಅಜೋಲಾ ಬಿಡಬೇಕು. 10–15 ದಿನಗಳ ನಂತರ ದಿನಕ್ಕೆ ಅರ್ಧ ಕೆ.ಜಿ.ಯಷ್ಟು ಸಿಗುತ್ತದೆ. 20–30 ಡಿಗ್ರಿ ಸೆಲ್ಸಿಯಸ್ ಹಿತ. ದೆಹಲಿಯ ಮೇ-ಜೂನ್ ಬಿಸಿಲಿಗೆ ನೆರಳು ಕಟ್ಟದಿದ್ದರೆ ಬೆಳೆ ಉಳಿಯದು.

ಕಾನೂನು: 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಜೀವಾಣು ಗೊಬ್ಬರಗಳು ಸೇರಿದ್ದು 2006ರಲ್ಲಿ. ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿ.ಲೀ.ಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಬಿಸಿಲಿಗಿಟ್ಟರೆ ಈ ಸಂಖ್ಯೆ ಕುಸಿಯುತ್ತದೆ. ಸಾವಯವ ಮತ್ತು ನೈಸರ್ಗಿಕ ಕೃಷಿಯ ರಾಷ್ಟ್ರೀಯ ಕೇಂದ್ರ ಇರುವುದು ಗಾಜಿಯಾಬಾದಿನಲ್ಲಿ; ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ.

ಎಚ್ಚರ: ಡಕ್‌ವೀಡ್ ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಒಡಲಲ್ಲಿ ತುಂಬಿಕೊಳ್ಳುತ್ತದೆ. ಕಾರ್ಖಾನೆ ನೀರು ಸೇರುವ ನಾಲೆಯಲ್ಲಿ ಬೆಳೆದದ್ದನ್ನು ದನಕ್ಕೂ ಕೋಳಿಗೂ ಹಾಕಬಾರದು. ನೀರು ಶುದ್ಧಿಯೂ ಆಯಿತು, ಮೇವೂ ಸಿಕ್ಕಿತು ಎಂದು ಒಂದೇ ಉಸಿರಿನಲ್ಲಿ ಬರೆಯುವ ಮೊದಲು ಯಾವ ನೀರು ಎಂದು ಕೇಳಿಕೊಳ್ಳಿ. ಮುಖ್ಯ ಪರೀಕ್ಷೆಯಲ್ಲಿ ಜೀವಾಣು ಗೊಬ್ಬರವನ್ನು ರಸಗೊಬ್ಬರಕ್ಕೆ ಪೂರಕ ಎಂದೇ ಬರೆಯಿರಿ, ಸಂಪೂರ್ಣ ಬದಲಿ ಎಂದು ಬರೆಯಬೇಡಿ.